ಕ್ರೋನೋಗ್ರಾಫ್ ತೋರಿಸುವ ವೇಗ ನಿಜವೇ? ಏರ್ ರೈಫಲ್ ಶೂಟರ್‌ಗಳು ಪರೀಕ್ಷಿಸಿ ನೋಡುವ ಬಗೆ

ಕ್ರೋನೋಗ್ರಾಫ್ ಎಂದರೆ ಏರ್ ರೈಫಲ್‌ನಿಂದ ಹಾರುವ ಪೆಲೆಟ್‌ನ, ಅಂದರೆ ಪುಟ್ಟ ಗುಂಡಿನ, ವೇಗ ಅಳೆಯುವ ಯಂತ್ರ. ಹತ್ತು ಪೆಲೆಟ್ ಹಾರಿಸಿದರೆ ಹತ್ತೂ ಸೆಕೆಂಡಿಗೆ 170 ಮೀಟರ್ ಆಸುಪಾಸಿನಲ್ಲೇ ಬಂತು, ಹಾಗಾಗಿ ಕ್ರೋನೋಗ್ರಾಫ್ ಸರಿಯಾಗಿದೆ ಎಂದು ತೀರ್ಮಾನಿಸುವವರೇ ಹೆಚ್ಚು. ಅದರಿಂದ ಗೊತ್ತಾಗುವುದು ರೈಫಲ್ ಒಂದೇ ಸಮ ಹೊಡೆಯುತ್ತಿದೆ ಎಂಬುದಷ್ಟೇ. ಪ್ರತಿ ಸಲವೂ ಶೇ. 2ರಷ್ಟು ಹೆಚ್ಚು ತೋರಿಸುವ ಯಂತ್ರ ಕೂಡ ಹೀಗೇ ಅಚ್ಚುಕಟ್ಟಾದ ಅಂಕಿ ಕೊಡುತ್ತದೆ.

ಇಲ್ಲಿ ಕಾನೂನಿನ ಮಾತೂ ಇದೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್ ರೈಫಲ್‌ಗೆ ಮಿತಿ 20 ಜೂಲ್ ಶಕ್ತಿ ಮತ್ತು 4.5 ಮಿ.ಮೀ. ನಳಿಗೆ ವ್ಯಾಸ. ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ವೇಗದಲ್ಲಿ ಶೇ. 1ರ ತಪ್ಪು ಶಕ್ತಿಯಲ್ಲಿ ಶೇ. 2 ಆಗುತ್ತದೆ. 0.53 ಗ್ರಾಂ ಪೆಲೆಟ್ 272 ಮೀ/ಸೆ ತೋರಿಸಿದರೆ ಲೆಕ್ಕಕ್ಕೆ 19.6 ಜೂಲ್. ಯಂತ್ರ ಶೇ. 1.5ರಷ್ಟು ಕಡಿಮೆ ತೋರಿಸುತ್ತಿದ್ದರೆ ನಿಜವಾದ ಶಕ್ತಿ 20.2 ಜೂಲ್, ಅಂದರೆ ಮಿತಿ ದಾಟಿಯಾಯಿತು.

ಮೊದಲು ಸೆನ್ಸರ್‌ಗಳನ್ನು ನೋಡಿ. ಬೆಳಕಿನ ಸೆನ್ಸರ್ ಇರುವ ಸಾಮಾನ್ಯ ಮಾದರಿಗಳಲ್ಲಿ ಎರಡು ಕಣ್ಣುಗಳ ನಡುವೆ ಬಹುತೇಕ ಒಂದು ಅಡಿ, ಅಂದರೆ 304.8 ಮಿ.ಮೀ. ಅಂತರ. ಪೆಲೆಟ್‌ನ ನೆರಳು ಮೊದಲ ಕಣ್ಣಿನಿಂದ ಎರಡನೆಯದಕ್ಕೆ ಹೋಗಲು ತಗಲುವ ಸಮಯದಿಂದ ಯಂತ್ರ ಈ ಅಂತರವನ್ನು ಭಾಗಿಸುತ್ತದೆ. 170 ಮೀ/ಸೆ ವೇಗಕ್ಕೆ ಆ ಸಮಯ 1793 ಮೈಕ್ರೋಸೆಕೆಂಡ್. ಅಲ್ಲಿ ಒಂದು ಮೈಕ್ರೋಸೆಕೆಂಡ್ ಹೆಚ್ಚುಕಡಿಮೆಯಾದರೆ ಶೇ. 0.06 ಮಾತ್ರ. ಅಂತರದಲ್ಲಿ ಒಂದೇ ಮಿ.ಮೀ. ತಪ್ಪಿದರೆ ಶೇ. 0.33! ಆದ್ದರಿಂದ ಯಂತ್ರದೊಳಗಿನ ಗಡಿಯಾರಕ್ಕಿಂತ ಸೆನ್ಸರ್ ಹಿಡಿದಿರುವ ಡಬ್ಬಿಯ ಮೇಲೇ ಹೆಚ್ಚು ಅನುಮಾನ ಇರಲಿ. ಮಡಚುವ ಮಾದರಿ ಪೂರ್ತಿ ಬಿಚ್ಚಿಕೊಳ್ಳದಿದ್ದರೆ ಅಂತರ ಕುಗ್ಗಿ ರೀಡಿಂಗ್ ಏರುತ್ತದೆ. ಪೆಲೆಟ್ ಓರೆಯಾಗಿ ಹಾದರೆ ದಾರಿ ಉದ್ದವಾಗಿ ರೀಡಿಂಗ್ ಇಳಿಯುತ್ತದೆ. 5 ಡಿಗ್ರಿ ಓರೆಗೆ ಶೇ. 0.4ರಷ್ಟು. ಎರಡೂ ಕಣ್ಣುಗಳ ನೋಟ ಸಮಾನಾಂತರವಾಗಿದೆಯೇ ಎಂದು ತಿಳಿಯಲು ಸೆನ್ಸರ್‌ನಿಂದ 5 ಸೆಂ.ಮೀ. ಎತ್ತರದಲ್ಲಿ ಹತ್ತು, 15 ಸೆಂ.ಮೀ. ಎತ್ತರದಲ್ಲಿ ಹತ್ತು ಹೊಡೆತ ಹೊಡೆದು ಸರಾಸರಿ ಹೋಲಿಸಿ. ವ್ಯತ್ಯಾಸ ಸ್ಪಷ್ಟವಾಗಿದ್ದರೆ ಕಣ್ಣುಗಳು ಒಂದರತ್ತ ಒಂದು ವಾಲಿವೆ ಅಥವಾ ಹೊರಮುಖವಾಗಿವೆ. ಅಂಥ ಯಂತ್ರವನ್ನು ಒಂದೇ ಎತ್ತರದಲ್ಲಿ ಮಾತ್ರ ಬಳಸಬೇಕು.

ಒಳಾಂಗಣ ರೇಂಜ್‌ನಲ್ಲಿ ಬೆಳಕೇ ದೊಡ್ಡ ತಲೆನೋವು. ನಮ್ಮ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಯಂತ್ರ ಅದನ್ನೇ ನೆರಳು ಎಂದು ತಪ್ಪು ತಿಳಿಯಬಹುದು. ಹಳೆಯ ತಂತಿ ಬಲ್ಬ್ ಅಥವಾ ಬ್ಯಾಟರಿಯಿಂದ ಉರಿಯುವ ದೀಪ ಒಳ್ಳೆಯದು. ಹೊರಗಡೆಯಾದರೆ ನೀಲಿ ಆಕಾಶವಿದ್ದಾಗ ಸೆನ್ಸರ್‌ಗಳ ಮೇಲ್ಗಡೆ ಬೆಳಕು ಹರಡುವ ಬಿಳಿ ಡಿಫ್ಯೂಸರ್ ಹಾಕಿ. ಸಂಜೆಯ ಓರೆ ಬಿಸಿಲು ಸೆನ್ಸರ್ ಮೇಲೆ ನೇರ ಬೀಳಬಾರದು.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ. ಖರ್ಚು ಕಡಿಮೆ, ನಿಖರತೆ ಹೆಚ್ಚು ಎಂದರೆ ಶಬ್ದದ ವಿಧಾನವೇ. ಬೇಕಾಗುವುದು ಒಂದು ಫೋನ್, ಉಕ್ಕಿನ ಟೇಪು, ಪೆಲೆಟ್ ಹಿಡಿಯುವ ಪೆಟ್ಟಿಗೆಯೊಳಗೆ (ಪೆಲೆಟ್ ಟ್ರ್ಯಾಪ್) ಉಕ್ಕಿನ ತಗಡು, ಕಣ್ಣಿಗೆ ಕನ್ನಡಕ. ನಳಿಗೆಯ ತುದಿಯಿಂದ ತಗಡಿನ ಮುಖಕ್ಕೆ ಸರಿಯಾಗಿ 10 ಮೀಟರ್ ಅಳೆಯಿರಿ. ಕ್ರೋನೋಗ್ರಾಫಿನ ನಡುಮಧ್ಯ 5 ಮೀಟರ್ ಗುರುತಿನ ಮೇಲಿರಲಿ. ಫೋನನ್ನು ಅದೇ ಗುರುತಿನಲ್ಲಿ ಒಂದು ಮೀಟರ್ ಪಕ್ಕಕ್ಕೆ ಇಡಿ. ನಳಿಗೆಗೂ ತಗಡಿಗೂ ಅದು ಸಮದೂರದಲ್ಲಿದ್ದರೆ ಎರಡೂ ಶಬ್ದಗಳು ಬರಲು ಒಂದೇ ಸಮಯ ಹಿಡಿಯುತ್ತವೆ, ಶಬ್ದದ ವೇಗ ಲೆಕ್ಕದಿಂದಲೇ ಹೊರಬೀಳುತ್ತದೆ. ಸಮದೂರವನ್ನು ದಾರ ಹಿಡಿದು ಅಳೆಯಿರಿ, 10 ಸೆಂ.ಮೀ. ತಪ್ಪಿದರೆ ಶೇ. 0.5ರಷ್ಟು ತಪ್ಪು ಸೇರಿಕೊಳ್ಳುತ್ತದೆ.

ಫೋನಿನಲ್ಲಿ 48 ಕಿಲೋಹರ್ಟ್ಸ್ ವೇವ್ ಫೈಲ್ ಆಗಿ ರೆಕಾರ್ಡ್ ಮಾಡಿ. ಗದ್ದಲ ತಗ್ಗಿಸುವ ಸೌಲಭ್ಯ ಆಫ್ ಇರಲಿ. ಅದನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ಸಾಫ್ಟ್‌ವೇರ್‌ನಲ್ಲಿ ತೆರೆದು, ನಳಿಗೆಯ ಸದ್ದು ಥಟ್ಟನೆ ಏರುವ ಬಿಂದುವಿನಿಂದ ತಗಡಿನ ಸದ್ದು ಏರುವ ಬಿಂದುವಿನವರೆಗೆ ಅಳೆಯಿರಿ. ಮೊದಲ ಏರಿಕೆಯೇ ಲೆಕ್ಕ. ಆಮೇಲಿನದು ಗೋಡೆಯ ಪ್ರತಿಧ್ವನಿ. 63.1 ಮಿಲಿಸೆಕೆಂಡ್ ಬಂದರೆ 10 ÷ 0.0631 = 158.5 ಮೀ/ಸೆ. ಇದು ಹತ್ತು ಮೀಟರ್‌ನ ಸರಾಸರಿ ವೇಗ. ದಾರಿಯ ನಡುವಿನ ವೇಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಶೇ. 0.1ನ್ನೂ ಮುಟ್ಟುವುದಿಲ್ಲ. ಯಂತ್ರವನ್ನು 5 ಮೀಟರ್‌ನಲ್ಲಿ ಇಟ್ಟದ್ದು ಇದಕ್ಕಾಗಿಯೇ. ನಳಿಗೆಯ ಹತ್ತಿರ ಇಟ್ಟರೆ ಹೋಲಿಕೆ ಕೆಡುತ್ತದೆ, ಏಕೆಂದರೆ ಚಪ್ಪಟೆ ತಲೆಯ ಮ್ಯಾಚ್ ಪೆಲೆಟ್ ಮೀಟರಿಗೆ ಒಂದೆರಡು ಮೀ/ಸೆ ಕಳೆದುಕೊಳ್ಳುತ್ತಲೇ ಹೋಗುತ್ತದೆ.

ಹತ್ತು ಹೊಡೆತಗಳಲ್ಲೂ ಪ್ರತಿಯೊಂದರ ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆಯಿರಿ. ಕ್ರೋನೋಗ್ರಾಫ್ ಸರಾಸರಿ 160.9, ಶಬ್ದದ ಸರಾಸರಿ 158.5 ಆದರೆ ಯಂತ್ರ ಶೇ. 1.5 ಹೆಚ್ಚು ಓದುತ್ತಿದೆ. ಮುಂದಿನ ರೀಡಿಂಗ್‌ಗಳನ್ನು 0.985ರಿಂದ ಗುಣಿಸಿ. ಈ ಪರೀಕ್ಷೆಗೆ ಸ್ಪ್ರಿಂಗ್ ರೈಫಲ್ ಬೇಡ. ಅದರ ಪಿಸ್ಟನ್ ಗಲಾಟೆ ಪೆಲೆಟ್ ಹೊರಬೀಳುವ ಮುಂಚೆಯೇ ಶುರುವಾಗಿ ಮೊದಲ ಬಿಂದು ಸಿಗುವುದಿಲ್ಲ. ಗಾಳಿ ತುಂಬಿದ ಸಿಲಿಂಡರ್‌ನ ಪಿಸಿಪಿ ರೈಫಲನ್ನು ಎರವಲು ತಂದರೂ ಸರಿ, ಪರೀಕ್ಷೆಗೆ ಕೂತಿರುವುದು ಯಂತ್ರವೇ ಹೊರತು ರೈಫಲ್ ಅಲ್ಲ. ಸದ್ದಡಗಿಸುವ ಕೊಳವೆ ಇದ್ದರೆ ತೆಗೆದಿಡಿ.

ಹತ್ತು ಮೀಟರ್ ಜಾಗವಿಲ್ಲದವರಿಗೆ 1742ರಲ್ಲಿ ಇಂಗ್ಲಿಷ್ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ವಿವರಿಸಿದ ಲೋಲಕ ಇಂದಿಗೂ ನಡೆಯುತ್ತದೆ. ಮೆತ್ತನೆ ಜೇಡಿ ತುಂಬಿದ 250 ಗ್ರಾಂ ಡಬ್ಬಿಯನ್ನು ನಾಲ್ಕು ದಾರಗಳಿಂದ ಒಂದು ಮೀಟರ್ ಕೆಳಗೆ ತೂಗುಬಿಡಿ. 170 ಮೀ/ಸೆ ಪೆಲೆಟ್ ಅದನ್ನು ಸುಮಾರು 115 ಮಿ.ಮೀ. ತಳ್ಳುತ್ತದೆ. ಇಪ್ಪತ್ತು ಓಲಾಟಗಳ (ಹೋಗಿ ಬಂದರೆ ಒಂದು) ಸಮಯದಿಂದ ಒಂದು ಓಲಾಟದ ಅವಧಿ ತೆಗೆಯಿರಿ. ಪೆಲೆಟ್ ವೇಗ = (ಡಬ್ಬಿ ಮತ್ತು ಪೆಲೆಟ್‌ನ ಒಟ್ಟು ತೂಕ ÷ ಪೆಲೆಟ್ ತೂಕ) × ಸರಿದ ದೂರ × 6.283 ÷ ಅವಧಿ. ಎಡವುವುದು ಸಣ್ಣ ವಿಷಯಗಳಲ್ಲಿ: ಒಳಗೆ ಉಳಿದ ಪ್ರತಿ ಪೆಲೆಟ್ ಡಬ್ಬಿಗೆ ಶೇ. 0.2 ತೂಕ ಸೇರಿಸುತ್ತದೆ, ಲೆಕ್ಕಕ್ಕೆ ಹಿಡಿಯಿರಿ. ಜೇಡಿ ಹಿಂದಕ್ಕೆ ಸಿಡಿದರೆ ವೇಗ ಹೆಚ್ಚು ಕಾಣುತ್ತದೆ, ಬಾಯಿಗೆ ತೆಳು ಕಾಗದ ಅಂಟಿಸಿ. ನಳಿಗೆಯ ಗಾಳಿಯೂ ಡಬ್ಬಿಯನ್ನು ತಳ್ಳುವುದರಿಂದ ನಡುವೆ ತೂತಿರುವ ರಟ್ಟು ನಿಲ್ಲಿಸಿ. 0.01 ಗ್ರಾಂ ತಕ್ಕಡಿಯಲ್ಲಿ ಒಂದೇ ಪೆಲೆಟ್ ತೂಗಿದರೆ ಶೇ. 2 ತಪ್ಪು ಅಲ್ಲೇ ಬಂತು. 50 ಪೆಲೆಟ್ ಒಟ್ಟಿಗೆ ತೂಗಿ ಭಾಗಿಸಿ.

ಗೆಳೆಯರ ಯಂತ್ರ ಸಿಕ್ಕರೆ ಎರಡನ್ನೂ ಹಿಂದೆಮುಂದೆ ಇಟ್ಟು ಒಂದೇ ಪೆಲೆಟ್ ಎರಡರ ಮೇಲೂ ಹಾಯುವಂತೆ ಹತ್ತು ಹೊಡೆಯಿರಿ, ಆಮೇಲೆ ಜಾಗ ಬದಲಿಸಿ ಮತ್ತೆ ಹತ್ತು. ಎರಡೂ ಸಲ ನಳಿಗೆಗೆ ಹತ್ತಿರದ ಯಂತ್ರದ ಅಂಕಿಯಿಂದ ದೂರದ ಯಂತ್ರದ ಅಂಕಿಯನ್ನು ಕಳೆಯಿರಿ. ಆ ಎರಡು ಉತ್ತರಗಳ ಸರಾಸರಿ ಗಾಳಿಯಲ್ಲಿ ಕಳೆದ ವೇಗ. ಅವುಗಳ ವ್ಯತ್ಯಾಸದ ಅರ್ಧ ಎರಡು ಯಂತ್ರಗಳ ನಡುವಿನ ಭಿನ್ನಮತ. ಆದರೆ ಒಂದೇ ಕಂಪನಿಯ ಎರಡು ಯಂತ್ರಗಳು ಒಂದೇ ತಪ್ಪನ್ನು ಹೇಳಬಹುದು, ಹಾಗಾಗಿ ಇದು ಶಬ್ದದ ಪರೀಕ್ಷೆಗೆ ಬದಲಿಯಲ್ಲ.

ಸಿಕ್ಕ ತಿದ್ದುಪಡಿ ಅಂಕಿಯನ್ನು ದಿನಾಂಕ, ಹೊಡೆದ ಎತ್ತರ ಮತ್ತು ದೀಪದ ಬಗೆಯೊಂದಿಗೆ ಚೀಟಿಯಲ್ಲಿ ಬರೆದು ಕ್ರೋನೋಗ್ರಾಫಿನ ಮೇಲೇ ಅಂಟಿಸಿ. ಯಂತ್ರ ಕೆಳಗೆ ಬಿದ್ದರೆ ಅಥವಾ ಪೆಲೆಟ್ ತಗುಲಿದರೆ ಆ ಚೀಟಿ ಕಿತ್ತು ಮತ್ತೆ ಅಳೆಯಿರಿ.