ಬಿದರಿ ಮೇಲೆ ಚಿನ್ನದ ತಂತಿ: ನಾನು ಮಾಡುವ ಕ್ರಮ

ಬೀದರ್‌ನಲ್ಲಿ ಬಿದರಿ ಎಂದರೆ ಲೋಹದ ಕಪ್ಪು ಮೈ, ಅದರಲ್ಲಿ ಕೂರಿಸಿದ ಬೆಳ್ಳಿ ಕುಸುರಿ. ಚಿನ್ನ ಹಾಕುವುದು ಅಪರೂಪ. ಗಿರಾಕಿ ಕೇಳಿದರಷ್ಟೇ ಮಾಡುತ್ತೇನೆ. ಕೇಳಿದವರಿಗೆ ಮೊದಲು ಹೇಳುವುದು: ಬೆಳ್ಳಿ ಬಿಟ್ಟು ಚಿನ್ನ ಹಾಕಿಸಬೇಡಿ, ಬೆಳ್ಳಿಯ ನಡುವೆ ಚಿನ್ನ ಹಾಕಿಸಿ. ಬಳ್ಳಿ, ಎಲೆ ಎಲ್ಲ ಬೆಳ್ಳಿಯಲ್ಲೇ ಇರಲಿ, ಹೂವಿನ ನಡುವಿನ ಉಂಗುರ ಮಾತ್ರ ಚಿನ್ನದ್ದಾಗಲಿ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗೋರಿಯ ಗುಮ್ಮಟದೊಳಗೆ ಹೋಗಿ ನೋಡಿ. ಗಾಢ ಬಣ್ಣದ ನೆಲದ ಮೇಲೆ ಚಿನ್ನದ ಅಕ್ಷರ. ನೆಲ ಗಾಢವಾಗಿರುವುದರಿಂದಲೇ ಅರೆಗತ್ತಲಲ್ಲೂ ಅವು ಎದ್ದು ಕಾಣುತ್ತವೆ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದವರ ಲೆಕ್ಕವೂ ಅದೇ.

ಎರಕ ಎಂದಿನಂತೆ: 16 ಪಾಲು ಸತು, 1 ಪಾಲು ತಾಮ್ರ. ಕಪ್ಪು ಹಿಡಿಯಲು ಆ ಒಂದು ಪಾಲು ತಾಮ್ರ ಬೇಕೇ ಬೇಕು. ಮೈ ಅರ ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿದರೆ ತಾತ್ಕಾಲಿಕ ಕಪ್ಪು ಬರುತ್ತದೆ. ಅದರ ಮೇಲೆ ಗೀರಿದ ಚಿತ್ರ ಬಿಳಿಯಾಗಿ ಕಾಣುತ್ತದೆ.

ತಂತಿಗೆ 24 ಕ್ಯಾರೆಟ್ ಚಿನ್ನವೇ ಆಗಬೇಕು. 22 ಕ್ಯಾರೆಟ್‌ನಲ್ಲಿ ನೂರಕ್ಕೆ 8ಕ್ಕೂ ಹೆಚ್ಚು ಬೇರೆ ಲೋಹ ಇರುತ್ತದೆ. ಕಂಬಚ್ಚಿನಲ್ಲಿ (ತಂತಿ ಎಳೆಯುವ ತೂತಿನ ಅಚ್ಚು) ಎಳೆದಾಗಲೇ ಗಡುಸಾಗುತ್ತದೆ, ಸುತ್ತಿಗೆ ಬಿದ್ದಾಗ ಗಾಡಿಯ (ತಂತಿ ಕೂರಿಸಲು ಕೊರೆದ ಸಣ್ಣ ಕಾಲುವೆ) ಮೂಲೆಗೆ ಹರಡದೆ ಮೇಲೆದ್ದು ನಿಲ್ಲುತ್ತದೆ. ನಾನು ಬಳಸುವುದು 0.4 ಮಿ.ಮೀ. ತಂತಿ. ಒಂದು ಮೀಟರ್ ಚಿನ್ನದ ತಂತಿ 2.43 ಗ್ರಾಂ ತೂಗುತ್ತದೆ. ಅದೇ ದಪ್ಪದ ಬೆಳ್ಳಿ 1.32 ಗ್ರಾಂ. ಬೆಳ್ಳಿಯ ತೂಕ ಹಿಡಿದು ಚಿನ್ನ ತರಿಸಿದರೆ ಅರ್ಧ ಕೆಲಸಕ್ಕೇ ಮುಗಿದುಹೋಗುತ್ತದೆ. 5 ಮಿ.ಮೀ. ಅಗಲದ ಉಂಗುರ 20 ಹಾಕಲು ಸುಮಾರು 32 ಸೆಂ.ಮೀ. ತಂತಿ, ಅಂದರೆ ಮುಕ್ಕಾಲು ಗ್ರಾಂಗಿಂತ ತುಸು ಹೆಚ್ಚು. ಇಷ್ಟು ಚಿನ್ನದಲ್ಲೇ ಒಂದು ಹೂದಾನಿ ಬೆಳಗುತ್ತದೆ.

ನಿಜವಾದ ನಾಜೂಕು ಗಾಡಿ ಕೊರೆಯುವುದರಲ್ಲಿದೆ. ಬೆಳ್ಳಿಗಾದರೆ ತಂತಿ ಸ್ವಲ್ಪ ಉಬ್ಬಿದ್ದರೂ ಅರ ಹಾಕಿ ಸಮ ಮಾಡುತ್ತೇವೆ. ಚಿನ್ನಕ್ಕೆ ಆ ಸಲಿಗೆ ಇಲ್ಲ, ಅರದ ಹಲ್ಲಿಗೆ ಹೋದದ್ದು ಹೋಯಿತು. ಅದಕ್ಕೆ ಗಾಡಿ 0.4 ಮಿ.ಮೀ. ಅಗಲ, 0.3 ಮಿ.ಮೀ. ಆಳ ಇಡುತ್ತೇನೆ. ದುಂಡು ತಂತಿ ಚಪ್ಪಟೆಯಾಗಿ ಗಾಡಿ ತುಂಬಿದ ಮೇಲೆ ನೂರಕ್ಕೆ ಐದರಷ್ಟು ಮಾತ್ರ ಮೇಲೆ ಉಳಿಯುತ್ತದೆ. ಅದು ನುಣುಪು ಕಾಗದಕ್ಕೆ ಹೋಗುತ್ತದೆ. ಆಳ 0.2ಕ್ಕೆ ನಿಂತರೆ ಮೂರನೇ ಒಂದು ಭಾಗ ಚಿನ್ನ ಹೊರಗೇ ಉಳಿಯುತ್ತದೆ. 0.4 ಆದರೆ ಮೇಲ್ಮೈ ಗುಳಿ ಬಿದ್ದು, ಮುಂದೆ ಕಪ್ಪು ಮಾಡಲು ಹಚ್ಚುವ ಮಣ್ಣು ಅಂಚಿನಲ್ಲಿ ಕೂರುತ್ತದೆ. ಗಾಡಿಯ ತಳ ಬಾಯಿಗಿಂತ ಕೂದಲೆಳೆಯಷ್ಟು ಅಗಲವಾಗಿರಬೇಕು, ಹಿಡಿತ ಅಲ್ಲೇ ಇರುವುದು. ಇಲ್ಲಿ ಅಂಟು, ಬೆಸುಗೆ ಏನೂ ಇಲ್ಲ. ಉಂಗುರದ ಎರಡು ತುದಿ ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಬರುವಂತೆ ಕೂರಿಸಿದರೆ ಜೋಡಣೆ ಕಾಣುವುದಿಲ್ಲ.

ಬೆಳ್ಳಿ ಕೆಲಸ ಪೂರ್ತಿ ಮುಗಿಸಿ, ಅರ ಹಾಕಿ, ಪುಡಿ ಗುಡಿಸಿ ತೆಗೆದ ಮೇಲೆಯೇ ಚಿನ್ನ ಮುಟ್ಟಬೇಕು. ಎರಡೂ ಒಟ್ಟಿಗೆ ಮಾಡಿದರೆ ಪುಡಿ ಬೆರೆಯುತ್ತದೆ. ಸತು ಬೆರೆತ ಚಿನ್ನದ ಪುಡಿಯನ್ನು ನೇರ ಮೂಸೆಗೆ ಹಾಕಬೇಡಿ. ಚಿನ್ನ ಕರಗುವುದು 1064 ಡಿಗ್ರಿಗೆ, ಸತು 907ಕ್ಕೇ ಕುದಿಯುತ್ತದೆ. ಆ ಬಿಳಿ ಹೊಗೆ ಕುಡಿದರೆ ಚಳಿಜ್ವರ ಖಂಡಿತ. ಮೊದಲು ನೀರು ಬೆರೆತ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಬಯಲಲ್ಲಿ, ಬೆಂಕಿಯಿಂದ ದೂರ ಸತು ಕರಗಿಸಿ. ಆಮೇಲೆ ಚೆನ್ನಾಗಿ ನೀರಲ್ಲಿ ತೊಳೆದು, ತಾಮ್ರ ತೆಗೆಯಲು ನೈಟ್ರಿಕ್ ಆಮ್ಲ. ನಡುವೆ ತೊಳೆಯುವುದು ಬಿಟ್ಟರೆ ಎರಡೂ ಆಮ್ಲ ಸೇರಿ ಚಿನ್ನವನ್ನೇ ಕರಗಿಸಿಬಿಡುತ್ತವೆ.

ಕೊನೆಗೆ ಕಪ್ಪು. ಬಿಸಿಲು, ಮಳೆ ತಾಗದ ಕೋಟೆಯ ಹಳೇ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್ ಉಪ್ಪು), ನೀರು ಕಲಸಿ ಬೆಚ್ಚಗಿನ ಸಾಮಾನಿಗೆ ಉಜ್ಜಿದರೆ ಮೈ ಕಪ್ಪಾಗುತ್ತದೆ. ಬೆಳ್ಳಿ, ಚಿನ್ನ ಹಾಗೇ ಉಳಿಯುತ್ತವೆ. ಬೆರಳಿನ ಜಿಡ್ಡು ಇದ್ದ ಕಡೆ ಬೂದು ಮಚ್ಚೆ ನಿಲ್ಲುತ್ತದೆ, ಅದಕ್ಕೆ ಮೊದಲೇ ತೊಳೆದು ಅರಿವೆಯಲ್ಲಿ ಹಿಡಿಯಬೇಕು.

ಕೊಳ್ಳುವವರಿಗೆ ಒಂದು ಮಾತು. ಹಿತ್ತಾಳೆ ತಂತಿ ಹಾಕಿದ ಬಿದರಿಯೂ ಇದೆ, ಹೊಸದರಲ್ಲಿ ಚಿನ್ನದಂತೆಯೇ ಕಾಣುತ್ತದೆ. ತಂತಿ ಕೂರಿಸುವ ಮೊದಲೇ ತುದಿಯನ್ನು ಒರೆಗಲ್ಲಿಗೆ ತಿಕ್ಕಿಸಿ, ಗೆರೆಗೆ ನೈಟ್ರಿಕ್ ಆಮ್ಲದ ಹನಿ ಹಾಕಿಸಿ ನೋಡಿ. ಹಿತ್ತಾಳೆಯ ಗೆರೆ ಅಳಿಸಿಹೋಗುತ್ತದೆ, ಚಿನ್ನದ ಗೆರೆ ನಿಲ್ಲುತ್ತದೆ. ಮನೆಗೆ ಒಯ್ದ ಮೇಲೆ ಹುಣಸೆಹಣ್ಣು, ಪಾತ್ರೆ ಪುಡಿ ತಾಗಿಸಬೇಡಿ, ಕಪ್ಪು ಕಿತ್ತುಹೋಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ಮೆತ್ತನೆ ಅರಿವೆಯಲ್ಲಿ ಒರೆಸಿದರೆ ಸಾಕು.