ಫ್ರಾನ್ಸಿನ ಹಳ್ಳಿದಾರಿಗಳಲ್ಲಿ ನಿಧಾನದ ಸೈಕಲ್ ಪ್ರವಾಸ: ಹೊರಡುವ ಮುನ್ನ, ಹೊರಟ ಮೇಲೆ

ಗೈಡ್ ಜೊತೆಗಿನ ಸೈಕಲ್ ಪ್ರವಾಸ ಸಾಮಾನ್ಯವಾಗಿ ಹೀಗಿರುತ್ತದೆ: ಎಂಟರಿಂದ ಹದಿನಾರು ಜನರ ಗುಂಪು, ಸೈಕಲ್ ಮೇಲೆ ಒಬ್ಬ ಗೈಡ್, ಹಿಂದೆ ವ್ಯಾನಿನಲ್ಲಿ ಇನ್ನೊಬ್ಬರು. ಸೂಟ್‌ಕೇಸು ಒಂದು ಹೋಟೆಲಿನಿಂದ ಇನ್ನೊಂದಕ್ಕೆ ವ್ಯಾನಿನಲ್ಲಿ ಹೋಗುತ್ತದೆ. ನಿಮ್ಮ ಜೊತೆ ಇರುವುದು ನೀರು, ಮಳೆಯಂಗಿ, ಒಂದಿಷ್ಟು ತಿಂಡಿ, ಅಷ್ಟೇ. ಕೇಳುವುದಕ್ಕೆ ಸಲೀಸು. ಆದರೂ ಮೂರನೇ ದಿನಕ್ಕೇ ಸೋತು ವ್ಯಾನ್ ಹತ್ತುವವರು ಇರುತ್ತಾರೆ. ಅವರ ಕಾಲಿನಲ್ಲಿ ಕಸುವು ಇಲ್ಲ ಅಂತಲ್ಲ. ಹೊತ್ತಿನಲ್ಲಿ ಹಾಕಬೇಕಾದ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕಿಕೊಂಡು ಬಂದಿರುತ್ತಾರೆ.

ಆ ಲೆಕ್ಕ ಒಮ್ಮೆ ಮಾಡಿ ನೋಡಿ. ಆರಾಮದ ವೇಗ ಗಂಟೆಗೆ 15 ಕಿ.ಮೀ. ಅಂದುಕೊಂಡರೆ 45 ಕಿ.ಮೀ.ಗೆ ಮೂರು ಗಂಟೆ ಪೆಡಲ್. ನಿಂತು ನೋಡುವುದಕ್ಕೆ, ದಾರಿ ತಪ್ಪಿದ್ದಕ್ಕೆ, ಒಂದು ಪಂಕ್ಚರಿಗೆ ಒಂದು ಗಂಟೆ. ಊಟಕ್ಕೆ ಒಂದೂವರೆ, ಒಂದು ಅರಮನೆಗೆ ಎರಡು. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಸಂಜೆ ನಾಲ್ಕೂವರೆಗೆ ಹೋಟೆಲು ಸೇರುತ್ತೀರಿ. ಅದೇ ದಿನಕ್ಕೆ 65 ಕಿ.ಮೀ. ಇಟ್ಟರೆ ಸೇರುವಾಗ ಸಂಜೆ ಆರು ಗಂಟೆ ಆಗುತ್ತದೆ, ಮತ್ತು ಮೊದಲು ಕೈಬಿಟ್ಟುಹೋಗುವುದು ಅರಮನೆಯೇ. ಹಾಗಾಗಿ ಕಾರ್ಯಕ್ರಮದಲ್ಲಿ ದಿನಕ್ಕೆ 40 ಕಿ.ಮೀ. ಆಸುಪಾಸು ಇರುವ ಪ್ರವಾಸ ಹುಡುಕಿ. ಐದು ದಿನಕ್ಕೊಮ್ಮೆಯಾದರೂ ಒಂದೇ ಊರಿನಲ್ಲಿ ಎರಡು ರಾತ್ರಿ ಇರುವ ಹಾಗಿದ್ದರೆ ಇನ್ನೂ ಒಳ್ಳೆಯದು.

ಯಾವ ಸೀಮೆ?

ಮೊದಲ ಸಲಕ್ಕೆ ಲ್ವಾರ್ ನದಿಯ ಕಣಿವೆಗಿಂತ ಒಳ್ಳೆಯದು ಇಲ್ಲ. ‘ಲ್ವಾರ್ ಆ ವೆಲೊ’ ಅನ್ನುವ ಸೈಕಲ್ ದಾರಿ ನದಿಯುದ್ದಕ್ಕೂ ಸುಮಾರು 900 ಕಿ.ಮೀ. ಹೋಗಿ ಅಟ್ಲಾಂಟಿಕ್ ಕಡಲು ಸೇರುತ್ತದೆ. ಅಷ್ಟೂ ಬೇಡ, ಬ್ಲ್ವಾದಿಂದ ತೂರ್ ದಾಟಿ ವಿಲಾಂದ್ರಿವರೆಗಿನ ತುಂಡು ಐದು ದಿನಕ್ಕೆ ಹೇಳಿಮಾಡಿಸಿದಂತಿದೆ. ಮೊದಲ ದಿನ ಬ್ಲ್ವಾದಿಂದ ಶಾಂಬೋರ್ ಅರಮನೆಗೆ ಹೋಗಿ ವಾಪಸ್, ಸುಮಾರು 40 ಕಿ.ಮೀ. ಅರಮನೆಯ ಸುತ್ತಲಿನ ಕಾಡಿಗೆ 32 ಕಿ.ಮೀ. ಉದ್ದದ ಗೋಡೆಯಿದೆ. ಗೋಡೆಯ ಬಾಗಿಲು ದಾಟಿ ಮರಗಳ ನಡುವೆ ನೇರ ದಾರಿಯಲ್ಲಿ ಹೋಗುತ್ತಿದ್ದ ಹಾಗೇ ಬಿಳಿ ಗೋಪುರಗಳ ಗುಂಪು ಎದುರಿಗೆ ಏಳುವುದನ್ನು ಸೈಕಲ್ ಮೇಲಿಂದ ನೋಡುವ ಸುಖವೇ ಬೇರೆ. ಎರಡನೇ ದಿನ ಶೋಮೋಂ ಮೂಲಕ ಆಂಬ್ವಾಜ್‌ಗೆ, ನಲವತ್ತಕ್ಕಿಂತ ತುಸು ಹೆಚ್ಚು. ಮೂರನೇ ದಿನ ಕಾಡು ಹಾದು ಶೆರ್ ನದಿಯ ಮೇಲೆ ಕಟ್ಟಿರುವ ಶೆನೊನ್ಸೋ ಅರಮನೆಗೆ ಹೋಗಿ ವಾಪಸ್, ಸುಮಾರು 30. ಈ ಒಂದು ದಿನ ಮಾತ್ರ ಸ್ವಲ್ಪ ಏರು ಸಿಗುತ್ತದೆ. ನಾಲ್ಕನೇ ದಿನ ತೂರ್, ಐದನೇ ದಿನ ವಿಲಾಂದ್ರಿಯ ತೋಟ. ಅಲ್ಲಿ ಎಲೆಕೋಸು, ಬೀಟ್‌ರೂಟ್‌ಗಳನ್ನೂ ರಂಗೋಲಿಯ ಹಾಗೆ ಪಾತಿ ಮಾಡಿ ಬೆಳೆದಿರುತ್ತಾರೆ.

ಇಲ್ಲಿ ಒಂದು ತಪ್ಪು ಎಣಿಕೆ ಬಹಳ ಜನರದು: ನದಿ ಪಶ್ಚಿಮಕ್ಕೆ ಹರಿಯುತ್ತದೆ, ಅದರ ಜೊತೆ ಹೋದರೆ ಇಳಿಜಾರು ಸಿಗುತ್ತದೆ ಅನ್ನುವುದು. ಬ್ಲ್ವಾದಿಂದ ತೂರ್‌ಗೆ ಇಳಿತ ಇರುವುದು ಹೆಚ್ಚುಕಮ್ಮಿ 20 ಮೀಟರ್; ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಪಶ್ಚಿಮದ ಕಡಲಿನಿಂದ ಬೀಸುವ ಗಾಳಿ, ಅದೂ ಎದುರಿನಿಂದ. ಗಾಳಿ ಮಧ್ಯಾಹ್ನದ ಮೇಲೆ ಜೋರಾಗುವುದೇ ಹೆಚ್ಚು. ಆದ್ದರಿಂದ ಪಶ್ಚಿಮಕ್ಕೆ ಹೋಗುವ ದಿನ ಬೆಳಿಗ್ಗೆ ಬೇಗ ಹೊರಟು ಮುಕ್ಕಾಲು ದಾರಿ ಊಟಕ್ಕೆ ಮೊದಲೇ ಮುಗಿಸಿಬಿಡಿ.

ದ್ರಾಕ್ಷಿ ತೋಟಗಳ ನಡುವೆ ಹೋಗಬೇಕೆಂದಿದ್ದರೆ ಬರ್ಗಂಡಿ. ಬೋನ್‌ನಿಂದ ಸಾಂತ್ನೇವರೆಗೆ ತೋಟಗಳೊಳಗೇ ಇಪ್ಪತ್ತು ಚಿಲ್ಲರೆ ಕಿ.ಮೀ. ದಾರಿಯಿದೆ, ಪುಟ್ಟ ಪುಟ್ಟ ಏರಿಳಿತ ಇದ್ದೇ ಇರುತ್ತದೆ. ಇನ್ನೂ ದಕ್ಷಿಣಕ್ಕೆ, ಶಾಲೋಂನಿಂದ ಕ್ಲುನಿ ಕಡೆಗೆ ಹಳೆಯ ರೈಲು ಹಳಿಯ ಜಾಗದಲ್ಲೇ ಸೈಕಲ್ ದಾರಿ ಮಾಡಿದ್ದಾರೆ. ರೈಲಿಗೆ ಮಾಡಿದ್ದ ದಾರಿಯಾದ್ದರಿಂದ ಏರು ಬಹಳ ಸೌಮ್ಯ. ಕ್ಲುನಿ ದಾಟಿದ ಮೇಲೆ 1.6 ಕಿ.ಮೀ. ಉದ್ದದ ಬ್ವಾ ಕ್ಲೇರ್ ಸುರಂಗ ಬರುತ್ತದೆ. ಬೇಸಿಗೆಯಲ್ಲೂ ಒಳಗೆ ಚಳಿ, ಜಾಕೆಟ್ಟು ಮೇಲೆಯೇ ಇರಲಿ. ಚಳಿಗಾಲದಲ್ಲಿ ಬಾವಲಿಗಳಿಗಾಗಿ ಅದನ್ನು ಮುಚ್ಚುತ್ತಾರೆ. ತುಲೂಜ್‌ನಿಂದ ಸೆತ್‌ವರೆಗಿನ 240 ಕಿ.ಮೀ. ಮಿದಿ ಕಾಲುವೆ ಚಿತ್ರದಲ್ಲಿ ಬಹಳ ಚಂದ, ಆದರೆ ಕಾಲುವೆ ದಂಡೆಯ ದಾರಿ ಎಷ್ಟೋ ಕಡೆ ಮಣ್ಣು, ಬೇರು, ಕಲ್ಲು. ದಪ್ಪ ಟಯರು ಇಲ್ಲದೆ ಕೈ ಮರಗಟ್ಟುತ್ತದೆ. ಪ್ರೊವಾನ್ಸ್‌ನ ಲ್ಯಾವೆಂಡರ್ ಜೂನ್ ನಡುವಿನಿಂದ ಜುಲೈ ನಡುವಿನವರೆಗೆ. ಅಲ್ಲಿ ಬೆಟ್ಟವೂ ಇದೆ, ಮಿಸ್ತ್ರಾಲ್ ಅನ್ನುವ ಬಿರುಗಾಳಿಯೂ ಇದೆ. ಮೊದಲ ಸಲವೇ ಅಲ್ಲಿಗೆ ಬೇಡ ಅನ್ನುವುದು ನಮ್ಮ ಸಲಹೆ.

ಕಾಲ: ಮೇ ನಡುವಿನಿಂದ ಜೂನ್ ಕೊನೆಯವರೆಗೆ, ಇಲ್ಲವಾದರೆ ಸೆಪ್ಟೆಂಬರ್. ಜುಲೈ, ಆಗಸ್ಟಿನಲ್ಲಿ ಬಿಸಿಲು 35 ಡಿಗ್ರಿ ದಾಟುವುದುಂಟು, ಹೋಟೆಲುಗಳೂ ತುಂಬಿರುತ್ತವೆ.

ಕಾದಿರಿಸುವಾಗ ಕೇಳಬೇಕಾದದ್ದು

ಮೊದಲನೆಯದು, ವ್ಯಾನ್ ದಿನವಿಡೀ ಹಿಂದೆ ಇರುತ್ತದೋ, ಬರೀ ಲಗೇಜು ಸಾಗಿಸಿ ಸುಮ್ಮನಾಗುತ್ತದೋ? ‘ವ್ಯಾನ್ ಸೌಲಭ್ಯ ಇದೆ’ ಅಂದಾಗ ಎರಡೂ ಆಗಬಹುದು. ಸುಸ್ತಾದವರನ್ನು ಹತ್ತಿಸಿಕೊಳ್ಳುತ್ತದೆಯೇ, ಅದರಲ್ಲಿ ಎಷ್ಟು ಸೈಕಲ್ ಹಿಡಿಯುತ್ತವೆ ಅಂತ ಬರವಣಿಗೆಯಲ್ಲೇ ಪಡೆಯಿರಿ. ಎರಡನೆಯದು, ಪ್ರತಿದಿನದ ದೂರದ ಜೊತೆ ಏರು ಎಷ್ಟು ಮೀಟರ್? 40 ಕಿ.ಮೀ.ಗೆ 150 ಮೀಟರ್ ಏರು ಅಂದರೆ ಚಪ್ಪಟೆ ನೆಲ. 600 ಮೀಟರ್ ಅಂದರೆ ಬೆಟ್ಟದ ದಿನ. ಮೂರನೆಯದು, ಹೋಟೆಲು ಊರೊಳಗೇ ಇದೆಯೇ? ಊರಾಚೆ ಐದು ಕಿ.ಮೀ. ದೂರದಲ್ಲಿದ್ದರೆ ಸಂಜೆ ಸುತ್ತಾಡುವ ಸುಖ ಹೋಯಿತು. ‘ಅಕ್ಕೇಯ್ ವೆಲೊ’ ಗುರುತಿರುವ ವಸತಿಗಳು ಸೈಕಲ್ ದಾರಿಯಿಂದ 5 ಕಿ.ಮೀ. ಒಳಗೇ ಇರುತ್ತವೆ, ಸೈಕಲ್ ಭದ್ರವಾಗಿಡುವ ಜಾಗ, ರಿಪೇರಿ ಸಾಮಾನು ಇಟ್ಟಿರುತ್ತವೆ. ಎಷ್ಟು ರಾತ್ರಿಯ ಊಟ ಸೇರಿದೆ, ಇ-ಬೈಕಿಗೆ (ಮೋಟರಿನ ನೆರವಿರುವ ಸೈಕಲ್) ಹೆಚ್ಚುವರಿ ಎಷ್ಟು, ಸೈಕಲ್ ಕಳುವಾದರೆ ಯಾರ ತಲೆಗೆ ಅನ್ನುವುದನ್ನೂ ಬಿಡಬೇಡಿ. ಫ್ರೆಂಚ್ ಸಂಸ್ಥೆಯಾದರೆ ಪ್ರವಾಸ ನಡೆಸುವವರ ಸರಕಾರಿ ದಾಖಲಾತಿಯಲ್ಲಿ ಅದಕ್ಕೆ ‘ಐಎಂ’ ಎಂದು ಶುರುವಾಗುವ ನಂಬರು ಇರಬೇಕು.

ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳು ಮುಂಚಿನಿಂದ 15 ದಿನ ಮುಂಚಿನವರೆಗೆ ಅರ್ಜಿ ಹಾಕಬಹುದು; ಕೊನೆಯ ತಿಂಗಳಿಗೆ ಉಳಿಸಬೇಡಿ. ಪ್ರತಿ ರಾತ್ರಿಯ ಹೋಟೆಲಿನ ಹೆಸರು, ವಿಳಾಸ ಇರುವ ಪತ್ರವನ್ನು ಸಂಸ್ಥೆಯಿಂದ ತರಿಸಿಕೊಳ್ಳಿ. ವಿಮೆ ಕನಿಷ್ಠ 30,000 ಯೂರೊಗಳದ್ದು ಬೇಕೇ ಬೇಕು. ಆ ಪಾಲಿಸಿ ಸೈಕಲ್‌ನಿಂದ ಬಿದ್ದ ಗಾಯಕ್ಕೂ ಸಲ್ಲುತ್ತದೆಯೇ ಎಂದು ಓದಿ ನೋಡಿ.

ಮೈ ಪಳಗಿಸುವುದಕ್ಕೆ ಆರು ವಾರ ಸಾಕು. ಒಂದೇ ದಿನ 60 ಕಿ.ಮೀ. ಹೊಡೆಯುವುದಕ್ಕಿಂತ ಶನಿವಾರ 30, ಭಾನುವಾರ ಮತ್ತೆ 30 ಮೇಲು, ಏಕೆಂದರೆ ಕೂರುವ ಜಾಗದ ನೋವು ಹೊರಬೀಳುವುದು ಎರಡನೇ ದಿನ. ಪ್ಯಾಡ್ ಇರುವ ಸೈಕಲ್ ಚಡ್ಡಿ ಎರಡು ಜೊತೆ ಇರಲಿ. ಅದರ ಒಳಗೆ ಬೇರೆ ಒಳಉಡುಪು ಹಾಕಬಾರದು. ಹೊಲಿಗೆ ಉಜ್ಜಿ ಚರ್ಮ ಕಿತ್ತುಬರುವುದು ಅದರಿಂದಲೇ.

ಮೊದಲ ದಿನ ಬೆಳಿಗ್ಗೆ: ಸೈಕಲ್ ನಿಮ್ಮದಾಗುವ ಅರ್ಧ ಗಂಟೆ

ಎಲ್ಲರೂ ಹೊರಡುವ ಆತುರದಲ್ಲಿ ಇರುತ್ತಾರೆ. ನೀವು ಮಾತ್ರ ಅವಸರ ಮಾಡಬೇಡಿ. ಮೊದಲು ಸೀಟು. ಗೋಡೆ ಹಿಡಿದು ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು, ಹಿಮ್ಮಡಿ ಅದರ ಮೇಲಿಡಿ. ಕಾಲು ನೆಟ್ಟಗೆ ಚಾಚಬೇಕು. ಆಮೇಲೆ ಪಾದದ ಮುಂಭಾಗ ಇಟ್ಟರೆ ಮೊಣಕಾಲು ತುಸು ಬಾಗುತ್ತದೆ. ಅದು ಸರಿಯಾದ ಎತ್ತರ. ಸಂಜೆ ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ಕೆಳಗಾಗಿದೆ, ಹಿಂಭಾಗ ನೋಯುತ್ತಿದ್ದರೆ ಮೇಲಾಗಿದೆ. ಅರ್ಧ ಸೆಂಟಿಮೀಟರ್ ಏರಿಸಿ ಇಳಿಸಿ ನೋಡಿ. ಎತ್ತರ ಕೂಡಿಬಂದ ಮೇಲೆ ಸೀಟಿನ ಕಂಬಕ್ಕೆ ಟೇಪು ಸುತ್ತಿಡಿ. ರಾತ್ರಿ ಯಾರಾದರೂ ಅದಲುಬದಲು ಮಾಡಿದರೂ ಮರುದಿನ ಗೊತ್ತಾಗುತ್ತದೆ.

ಆಮೇಲೆ ಬ್ರೇಕು. ಇದು ನಿಜಕ್ಕೂ ಮುಖ್ಯ. ನಮ್ಮಲ್ಲಿ ಮುಂದಿನ ಚಕ್ರದ ಬ್ರೇಕು ಬಲಗೈಯಲ್ಲಿ. ಫ್ರಾನ್ಸಿನ ಸೈಕಲಿನಲ್ಲಿ ಅದು ಎಡಗೈಯಲ್ಲಿ. ಇಳಿಜಾರಿನಲ್ಲಿ ‘ಹಿಂದಿನದು’ ಅಂದುಕೊಂಡು ಎಡಗೈ ಬಿಗಿದರೆ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುವ ಸಂಭವವಿದೆ. ಸೈಕಲ್ ಪಕ್ಕ ನಿಂತು ತಳ್ಳುತ್ತಾ ಒಂದೊಂದೇ ಹಿಡಿ ಒತ್ತಿ ನೋಡಿ. ಯಾವುದನ್ನು ಒತ್ತಿದಾಗ ಹಿಂದಿನ ಚಕ್ರ ಮೇಲೇಳುತ್ತದೋ ಅದೇ ಮುಂದಿನ ಬ್ರೇಕು. ಖಾಲಿ ಜಾಗದಲ್ಲಿ ಹತ್ತು ಸಲ ನಿಲ್ಲಿಸಿ ಕೈಗೆ ರೂಢಿ ಮಾಡಿಸಿ.

ಟಯರಿನ ಪಕ್ಕದಲ್ಲೇ ಗಾಳಿಯ ಮಿತಿ ಬರೆದಿರುತ್ತದೆ. 40 ಮಿ.ಮೀ. ಅಗಲದ ಟಯರಿಗೆ 3.5ರಿಂದ 4 ಬಾರ್ ಹದ. ಗಾಳಿ ಕಮ್ಮಿಯಾದರೆ ಕಲ್ಲಂಚು ಹತ್ತಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ತೂತು ಒಂದೇ ಇದ್ದರೆ ಮುಳ್ಳು ಚುಚ್ಚಿದೆ. ಆಗ ಹೊಸ ಟ್ಯೂಬು ಹಾಕುವ ಮುಂಚೆ ಟಯರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆಯಿರಿ, ಇಲ್ಲದಿದ್ದರೆ ಐದು ನಿಮಿಷಕ್ಕೆ ಮತ್ತೆ ಅದೇ ಕತೆ.

ಇ-ಬೈಕಿನ ಮೋಟರು ಗಂಟೆಗೆ 25 ಕಿ.ಮೀ.ವರೆಗೆ ಮಾತ್ರ ನೆರವಾಗುತ್ತದೆ. ಕಮ್ಮಿ ನೆರವಿನಲ್ಲೇ ಓಡಿಸಿ, ಹೆಚ್ಚಿನದನ್ನು ಏರಿಗೆ ಉಳಿಸಿಕೊಳ್ಳಿ. ನಿಲ್ಲುವ ಮೊದಲೇ ಗೇರು ಇಳಿಸಿ, ಗೇರು ಬದಲಿಸುವ ಕ್ಷಣ ಪೆಡಲ್ ಮೇಲಿನ ಒತ್ತಡ ಸಡಿಲಿಸಿ; ಪೂರ್ತಿ ಒತ್ತಡದಲ್ಲಿ ಬದಲಿಸಿದರೆ ಚೈನು ತುಂಡಾಗುವುದುಂಟು. ರಾತ್ರಿ ಬ್ಯಾಟರಿ ಚಾರ್ಜಿಗಿಡುವುದನ್ನು ಹಲ್ಲುಜ್ಜುವುದರ ಜೊತೆ ಸೇರಿಸಿಕೊಳ್ಳಿ.

ರಸ್ತೆ

ಬಲಗಡೆ ಸವಾರಿ ಅನ್ನುವುದು ದಟ್ಟಣೆಯಲ್ಲಿ ಮರೆಯುವುದಿಲ್ಲ, ಮುಂದಿನ ಗಾಡಿ ನೆನಪಿಸುತ್ತದೆ. ಮರೆಯುವುದು ಊಟ ಮುಗಿಸಿ ಖಾಲಿ ಹಳ್ಳಿರಸ್ತೆಗೆ ಇಳಿದಾಗ, ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಪ್ರತಿ ಸಲ ಹೊರಡುವಾಗ ‘ಬಲ’ ಅಂತ ಬಾಯಲ್ಲೇ ಹೇಳಿಕೊಳ್ಳಿ. ವೃತ್ತಗಳಲ್ಲಿ ಸುತ್ತುವುದು ಗಡಿಯಾರಕ್ಕೆ ಎದುರು. ಎಡದಿಂದ ಬರುವವರಿಗೆ ದಾರಿ ಬಿಡಬೇಕು. ಆದರೆ ಫಲಕವಿಲ್ಲದ ಹಳ್ಳಿಯ ಕೂಡುರಸ್ತೆಯಲ್ಲಿ ಬಲಗಡೆಯ ಓಣಿಯಿಂದ ಬರುವವರಿಗೇ ಮೊದಲ ಹಕ್ಕು.

ಫಲಕಗಳಲ್ಲಿ ಎಡವುವುದು ಒಂದೇ ಕಡೆ: ಕೆಂಪು ವೃತ್ತದೊಳಗೆ ಸೈಕಲ್ ಚಿತ್ರ, ಅಡ್ಡಗೆರೆ ಇಲ್ಲ. ಸೈಕಲ್ ದಾರಿ ಅಂದುಕೊಂಡು ಹೋಗಬೇಡಿ, ಅದು ಸೈಕಲ್ ನಿಷೇಧ. ನೀಲಿ ಬಣ್ಣದ್ದು ಸೈಕಲಿನ ದಾರಿ. ‘ಸೋಫ್ ವೆಲೊ’ ಅಂದರೆ ಈ ನಿಯಮ ಸೈಕಲಿಗೆ ಸಲ್ಲುವುದಿಲ್ಲ ಅಂತ.

ಹೆಲ್ಮೆಟ್ 12 ವರ್ಷದೊಳಗಿನ ಮಕ್ಕಳಿಗೆ ಕಡ್ಡಾಯ, ದೊಡ್ಡವರೂ ಹಾಕಿ. ಊರಾಚೆ ಕತ್ತಲಲ್ಲಿ ಹೊಳೆಯುವ ಜಾಕೆಟ್ಟು ಕಡ್ಡಾಯ. ಸವಾರಿಯಲ್ಲಿ ಕಿವಿಗೆ ಇಯರ್‌ಫೋನು, ಕೈಯಲ್ಲಿ ಮೊಬೈಲು ಇದ್ದರೆ 135 ಯೂರೊ ದಂಡ. ವೈನ್ ಕುಡಿದು ಸೈಕಲ್ ಹೊಡೆಯುವವರಿಗೂ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮಿತಿಯೇ. ರುಚಿ ನೋಡುವ ಕಾರ್ಯಕ್ರಮ ದಿನದ ಸವಾರಿ ಮುಗಿದ ಮೇಲೆ ಇಡುವಂತೆ ಗೈಡ್‌ಗೆ ಹೇಳಿ. ತುರ್ತಿಗೆ 112.

ಊಟ, ನೀರು

ಹಳ್ಳಿಯ ಅಡುಗೆಮನೆ ಮಧ್ಯಾಹ್ನ ಹನ್ನೆರಡಕ್ಕೆ ತೆರೆದರೆ ಒಂದೂವರೆ ಹೊತ್ತಿಗೆ ಆರ್ಡರು ನಿಂತಿರುತ್ತದೆ. ಎರಡೂ ಕಾಲಿಗೆ ಹೋದರೆ ಕಾಫಿ ಮಾತ್ರ ಸಿಕ್ಕೀತು. ಭಾನುವಾರ ಮಧ್ಯಾಹ್ನದ ನಂತರ, ಸೋಮವಾರ ಇಡೀ ದಿನ ಎಷ್ಟೋ ಅಂಗಡಿ ಮುಚ್ಚಿರುತ್ತವೆ. ಆ ಎರಡು ದಿನಕ್ಕೆ ಬ್ರೆಡ್ಡು, ಚೀಸು, ಹಣ್ಣು ಹಿಂದಿನ ದಿನವೇ ಕೊಂಡಿಡಿ.

ಸಸ್ಯಾಹಾರಿಗಳು ‘ವೆಜೆಟಾರಿಯಾಂ’ ಅಂದರಷ್ಟೇ ಸಾಲದು. ಸಲಾಡಿನ ಮೇಲೆ ಲಾರ್ದೋಂ ಅನ್ನುವ ಹಂದಿಮಾಂಸದ ಸಣ್ಣ ತುಂಡು ಉದುರಿಸುವ ರೂಢಿಯಿದೆ, ಸೂಪಿಗೆ ಮಾಂಸದ ಕಟ್ಟು ಹಾಕಿರುತ್ತಾರೆ. ‘ಸಾಂ ವ್ಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ’ (ಮಾಂಸ ಬೇಡ, ಮೀನು ಬೇಡ, ಲಾರ್ದೋಂ ಬೇಡ) ಅಂತ ಬಿಡಿಸಿ ಹೇಳಿ. ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಎಂಬುದನ್ನು ಕಾದಿರಿಸುವಾಗಲೇ ಬರೆದು ತಿಳಿಸಿ. ಸಾಂಪ್ರದಾಯಿಕ ಚೀಸುಗಳಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಕಟ್ಟುನಿಟ್ಟಿನವರಿಗೆ ಇದು ಗೊತ್ತಿರಲಿ. ತಿನ್ನುವವರು ಲ್ವಾರ್ ಕಡೆ ಸ್ಯಾಂತ್ ಮೋರ್ ಎಂಬ ಮೇಕೆ ಹಾಲಿನ ಚೀಸು ಬಿಡಬೇಡಿ, ನಡುವೆ ಉದ್ದಕ್ಕೆ ಒಂದು ಹುಲ್ಲುಕಡ್ಡಿ ತೂರಿಸಿದ್ದು ಅದರ ಗುರುತು.

ಊಟದ ಜೊತೆ ‘ಕರಾಫ್ ದೋ’ ಅಂದರೆ ನಲ್ಲಿ ನೀರು ಉಚಿತವಾಗಿ ಕೊಡುತ್ತಾರೆ. ದಾರಿಯ ನಲ್ಲಿಗಳಲ್ಲಿ ‘ಓ ನೋಂ ಪೊತಾಬ್ಲ್’ ಅಂತಿದ್ದರೆ ಕುಡಿಯಬಾರದು. ಬೇಸಿಗೆಯಲ್ಲಿ ಎರಡು ಬಾಟಲಿ ತುಂಬಿಕೊಂಡೇ ಹೊರಡಿ.

ಕೊನೆಯ ದಿನ ಸೈಕಲ್ ಒಪ್ಪಿಸುವಾಗ ಗೈಡ್ ಎದುರಿಗೇ ಎರಡೂ ಬದಿಯ ಫೋಟೊ ತೆಗೆಯಿರಿ, ಬೀಗದ ಕೈ, ಚಾರ್ಜರು, ಚೀಲ ಎಣಿಸಿ ಕೊಡಿ. ಸೀಟಿನ ಕಂಬದ ಟೇಪು ಕೀಳುವ ಮುಂಚೆ ಪೆಡಲ್ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಎಷ್ಟು ಸೆಂಟಿಮೀಟರ್ ಅಂತ ಅಳೆದು ಬರೆದುಕೊಳ್ಳಿ. ಮುಂದಿನ ಸಲ ಕಾದಿರಿಸುವಾಗ ಎತ್ತರದ ಜೊತೆ ಆ ಅಳತೆಯನ್ನೂ ಕಳಿಸಿಬಿಡಬಹುದು.