ಏರುಪೇರು ನೆಲದಲ್ಲಿ ಡ್ರೋನ್ ಏರಿಸಿ ಇಳಿಸುವುದು: ನನ್ನ ಅನುಭವ

ನಾನು ಡ್ರೋನ್ ಹಾರಿಸುವ ಕಡೆ ಸಮತಟ್ಟು ನೆಲ ಸಿಗುವುದೇ ಅಪರೂಪ. ಬಯಲುಸೀಮೆಯ ಜೋಳದ ಕೂಳೆ, ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಹೊಲ, ಕರಾವಳಿಯಲ್ಲಿ ಪದವು ಎನ್ನುವ ಕೆಂಪು ಮುರಕಲ್ಲಿನ ಬಯಲು, ಮಲೆನಾಡಿನ ಹುಲ್ಲಿನ ಇಳಿಜಾರು ಇವೇ ಹೆಚ್ಚು. ಇಂಥ ನೆಲದಲ್ಲಿ ಅಪಾಯವೆಲ್ಲ ಕೊನೆಯ ಒಂದು ಮೀಟರಿನಲ್ಲಿದೆ. ಮೇಲೆ ನೂರು ಮೀಟರ್ ಎತ್ತರದಲ್ಲಿ ನೆಮ್ಮದಿಯಾಗಿ ನಿಲ್ಲುವ ಯಂತ್ರ, ಕೆಳಗೆ ಒಂದು ಕೂಳೆಮೊಳೆ ರೆಕ್ಕೆಗೆ ತಾಗಿದರೆ ಸಾಕು, ಮಗುಚಿ ಬೀಳುತ್ತದೆ. ಹಾಗಾಗಿ ಎಲ್ಲಿ ಇಳಿಸುತ್ತೇನೆ ಎಂಬುದು ತೀರ್ಮಾನವಾಗದೆ ನಾನು ಬ್ಯಾಟರಿಯನ್ನೇ ಹಾಕುವುದಿಲ್ಲ.

ಬಳಸುವುದು ಎರಡು ಡ್ರೋನ್. ಒಂದು 249 ಗ್ರಾಂನ ಮಡಚುವ ಡ್ರೋನ್, ಇನ್ನೊಂದು ನಾನೇ ಜೋಡಿಸಿದ 450 ಮಿ.ಮೀ. ಫ್ರೇಮಿನದು. ಚಿಕ್ಕದಕ್ಕೇ ನೆಲದ ಕಾಟ ಜಾಸ್ತಿ. ಅದರ ಹೊಟ್ಟೆಗೂ ನೆಲಕ್ಕೂ ನಡುವೆ ಬೆರಳು ತೂರುವಷ್ಟೇ ಜಾಗ. ಮುಂದೆ ಗಿಂಬಲ್, ಅಂದರೆ ಚಿತ್ರ ಅಲುಗದಂತೆ ಮೋಟರಿನಿಂದ ಹಿಡಿದಿಡುವ ಜೋಡಣೆಯಲ್ಲಿ ಕ್ಯಾಮೆರಾ ನೇತಾಡುತ್ತಿರುತ್ತದೆ, ಹಿಂದಿನ ರೆಕ್ಕೆಗಳು ಮುಂದಿನವಕ್ಕಿಂತ ತಗ್ಗಿನಲ್ಲಿ ತಿರುಗುತ್ತವೆ. ಎರಡು ಇಂಚು ಹುಲ್ಲಿದ್ದರೂ ಗಿಂಬಲ್ ಅಲ್ಲಾಡಲಾರದೆ ಅದರ ಮೋಟರ್ ಮೇಲೆ ಭಾರ ಬೀಳುತ್ತಿದೆ ಎಂದು ಎಚ್ಚರಿಕೆ ಬರುತ್ತದೆ.

ಕಾಲಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಎತ್ತರಗಾಲು ಸಿಗುತ್ತದೆ, ಒಳ್ಳೆಯದೇ. ಆದರೆ ಅದರ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗೆ ನ್ಯಾನೊ, ಅದರ ಮೇಲೆ 2 ಕೆ.ಜಿ.ವರೆಗೆ ಮೈಕ್ರೊ. 249 ಗ್ರಾಂ ಯಂತ್ರಕ್ಕೆ ಹತ್ತು ಗ್ರಾಂ ಕಾಲು ಹಾಕಿದರೆ ವರ್ಗವೇ ಬದಲಾಗುತ್ತದೆ. ಅದಕ್ಕೇ ನಾನು ಡ್ರೋನಿಗೆ ಕಾಲು ಜೋಡಿಸುವ ಬದಲು ನೆಲಕ್ಕೆ ಹಲಗೆ ಹಾಕುತ್ತೇನೆ.

ಬಟ್ಟೆಯ ಲ್ಯಾಂಡಿಂಗ್ ಪ್ಯಾಡ್ ಏರುಪೇರು ನೆಲಕ್ಕೆ ನನ್ನ ಮಟ್ಟಿಗೆ ಸಾಲದು. ಅದು ಕೆಳಗಿನ ಕಲ್ಲಿನ ಆಕಾರವನ್ನೇ ತಾಳುತ್ತದೆ. ಅಂಚು ಗಾಳಿಗೆ ಎದ್ದರೆ ರೆಕ್ಕೆಗೇ ಸಿಕ್ಕಿಕೊಳ್ಳುತ್ತದೆ. ಗೋಣಿಚೀಲವಂತೂ ಬೇಡವೇ ಬೇಡ, ಅದರ ನಾರು ಮೋಟರಿನ ಬುಡಕ್ಕೆ ಸುತ್ತಿಕೊಳ್ಳುತ್ತದೆ. ನಾನು ಇಟ್ಟುಕೊಂಡಿರುವುದು 6 ಮಿ.ಮೀ. ಪ್ಲೈವುಡ್‌ನ 60×30 ಸೆಂ.ಮೀ. ತುಂಡು ಎರಡು. ನಡುವೆ ಮೂರು ಚಿಕ್ಕ ಕೀಲು, ಕೀಲಿನ ತಿರುಪುಗಳ ತಲೆ ಹಲಗೆಯ ಅಡಿಬದಿಗೆ. ಬಿಚ್ಚಿದರೆ 60×60 ಸೆಂ.ಮೀ., ತೂಕ ಹೆಚ್ಚೂಕಡಿಮೆ ಒಂದೂಕಾಲು ಕೆ.ಜಿ. ಕೀಲಿನ ಕಡೆ ಬಾಗದಿರಲು ಅಡಿಯಲ್ಲಿ ಎರಡು ಮರದ ಪಟ್ಟಿ ಅಡ್ಡ ಇಟ್ಟು ಚಿಲಕದಿಂದ ಬಿಗಿಯುತ್ತೇನೆ. ಮೇಲೆ 5 ಮಿ.ಮೀ. ಫೋಮ್ ಹಾಳೆಯನ್ನು ಅಂಚಿನವರೆಗೂ ಅಂಟಿಸಿದ್ದೇನೆ. ಇಳಿಯುವಾಗಿನ ಪೆಟ್ಟನ್ನು ಅದು ಹೀರಿಕೊಳ್ಳುತ್ತದೆ, ಡ್ರೋನ್ ಜಾರುವುದೂ ಇಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಹಸಿರು ಹೊಲದಲ್ಲಿ ಕಿತ್ತಳೆ ಬಣ್ಣ ಚೆನ್ನಾಗಿ ಕಾಣುತ್ತದೆ. ಅದೇ ಕಿತ್ತಳೆ ಕರಾವಳಿಯ ಕೆಂಪು ಮುರದ ಮೇಲೆ ಕಳೆದೇ ಹೋಗುತ್ತದೆ, ಅಲ್ಲಿಗೆ ನೀಲಿ ಬೇಕು. ನನ್ನ ಹಲಗೆ ನೀಲಿ, ಅದರ ಮೇಲೆ ಬಿಳಿ ಮತ್ತು ಕಪ್ಪು ಟೇಪಿನಲ್ಲಿ ದೊಡ್ಡ ಗುಣಾಕಾರ ಚಿಹ್ನೆ. ಇದು ಅಲಂಕಾರಕ್ಕಲ್ಲ. ಡ್ರೋನಿನ ಹೊಟ್ಟೆಯಲ್ಲಿರುವ ಕ್ಯಾಮೆರಾ ಕೆಳಗಿನ ಗುರುತುಗಳನ್ನು ಹಿಡಿದುಕೊಂಡೇ ಒಂದೆಡೆ ನಿಲ್ಲುವುದು. ಒಂದೇ ಬಣ್ಣದ ನುಣುಪು ಮೇಲ್ಮೈ ಇದ್ದರೆ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಗಾಳಿಗೆ ಓಲಾಡುವ ಹುಲ್ಲು ಇನ್ನೂ ಕೆಟ್ಟದು. ಹುಲ್ಲಿನ ತುದಿಯನ್ನೇ ನೆಲವೆಂದು ತಿಳಿದು ಡ್ರೋನ್ ಅದರ ಜೊತೆ ಸರಿಯುತ್ತದೆ. ಹುಲ್ಲುಗಾವಲಿನಲ್ಲಿ ತಗ್ಗಿಗೆ ಬಂದಾಗ ಡ್ರೋನ್ ಸುಮ್ಮನೆ ತೇಲಿದಂತೆ ಕಂಡರೆ ಮೊದಲು ಇದನ್ನು ಶಂಕಿಸಿ.

ಹಲಗೆಯ ಮಟ್ಟ ನೋಡಲು ಹಾರ್ಡ್‌ವೇರ್ ಅಂಗಡಿಯ ಚಿಕ್ಕ ರಸಮಟ್ಟ ಸಾಕು. 60 ಸೆಂ.ಮೀ. ಹಲಗೆಯಲ್ಲಿ ಒಂದು ಅಂಚು 3 ಸೆಂ.ಮೀ. ಎತ್ತರವಿದ್ದರೆ ಸುಮಾರು 3 ಡಿಗ್ರಿ ಓರೆ. ನಾನು ಒಪ್ಪುವುದು ಅಷ್ಟನ್ನೇ. ಓರೆಯಲ್ಲಿ ಏನಾಗುತ್ತದೆಂದರೆ, ಮೋಟರ್ ತಿರುಗಿದ ಕೂಡಲೇ ಡ್ರೋನಿನ ಬುದ್ಧಿ ತಾನು ವಾಲಿದ್ದೇನೆ ಎಂದು ತಿಳಿದು ತಗ್ಗಿನ ಬದಿಯ ಮೋಟರುಗಳನ್ನು ಜೋರು ಮಾಡುತ್ತದೆ. ಆ ಬದಿ ಮೇಲೇಳುತ್ತದೆ, ಎತ್ತರದ ಬದಿಯ ಕಾಲು ಇನ್ನೂ ನೆಲಕ್ಕೆ ಊರಿಕೊಂಡೇ ಇರುತ್ತದೆ. ನೀವು ಅಳುಕುತ್ತ ನಿಧಾನಕ್ಕೆ ಏರಿಸಿದಷ್ಟೂ ಜಾರುವ, ಮಗುಚುವ ಸಂಭವ ಹೆಚ್ಚು. ಮೂಲೆಗಳ ಅಡಿಗೆ ಚಪ್ಪಟೆ ಕಲ್ಲು ಕೊಟ್ಟು ಮಟ್ಟ ಮಾಡಿ, ಆಮೇಲೆ ಹಲಗೆಯನ್ನು ಅಂಗೈಯಿಂದ ನಾಲ್ಕೂ ಮೂಲೆಯಲ್ಲಿ ಒತ್ತಿ ನೋಡಿ. ಕಟಕಟ ಅಂದರೆ ಇನ್ನೊಂದು ಕಲ್ಲು ಬೇಕು.

ಕೂಳೆ ಹೊಲಕ್ಕೆ ಕಲ್ಲಿಗಿಂತ ಉತ್ತಮ ಉಪಾಯ ಟೊಮೆಟೊ ಕ್ರೇಟ್. ಎರಡನ್ನು ಬೋರಲು ಹಾಕಿ, ಮೇಲೆ ಹಲಗೆ ಇಟ್ಟು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದರೆ ಒಂದಡಿ ಎತ್ತರದ ಕಟ್ಟೆ ಸಿದ್ಧ. ಕೂಳೆ, ಧೂಳು ಎರಡರಿಂದಲೂ ಬಿಡುಗಡೆ. ಕ್ರೇಟಿನೊಳಗೆ ಎರಡು ಕಲ್ಲು ಕಟ್ಟಿಡಿ, ಇಲ್ಲದಿದ್ದರೆ ಗಾಳಿಗೆ ಅಲುಗುತ್ತದೆ. ಒಂದು ಎಚ್ಚರಿಕೆ: ಎತ್ತರದ ಕಟ್ಟೆಗೆ ಪಕ್ಕದಿಂದ ತಗ್ಗಾಗಿ ಬರಬಾರದು. ಅಂಚು ದಾಟಿದ ಕ್ಷಣ ನೆಲ ಒಮ್ಮೆಲೇ ಒಂದಡಿ ಮೇಲೆ ಬಂದಂತೆ ಸೆನ್ಸರಿಗೆ ಕಂಡು ಡ್ರೋನ್ ಜಿಗಿಯುತ್ತದೆ. ನೆತ್ತಿಯ ಮೇಲಿಂದ ನೇರ ಇಳಿಯಬೇಕು.

ಕ್ರೇಟ್ ಸಿಗದಿದ್ದರೆ ಕುಡುಗೋಲಿನಿಂದ ಒಂದೂವರೆ ಮೀಟರ್ ಅಡ್ಡಗಲದ ವೃತ್ತವನ್ನು ಬುಡಕ್ಕೆ ಕೊಯ್ದು, ಕೊಯ್ದ ಕಡ್ಡಿಯನ್ನೂ ಗುಡಿಸಿ ಹಾಕಿ. ಬಿದ್ದ ಕಡ್ಡಿ ಗಾಳಿಗೆ ಎದ್ದು ರೆಕ್ಕೆಗೆ ಬರುತ್ತದೆ. ಹೊಲದ ಪಕ್ಕ ಒಕ್ಕಣೆ ಮಾಡುವ ಕಣ ಇದ್ದರೆ ನೋಡಿದ ಕೂಡಲೇ ಅಲ್ಲಿಂದ ಹಾರಿಸುವ ಮನಸ್ಸಾಗುತ್ತದೆ. ನೆಲ ಗಟ್ಟಿ, ಸಪಾಟು, ನಿಜ. ಆದರೆ ಹೊಟ್ಟು ಪೂರ್ತಿ ಹೋಗಿರಬೇಕು.

ಎರೆಮಣ್ಣಿನ ನುಣ್ಣನೆ ಧೂಳು, ಕಡಲ ದಂಡೆಯ ಮರಳು ಇವು ಮೋಟರಿನ ಶತ್ರುಗಳು. ಮೋಟರಿನ ಗಂಟೆಯಾಕಾರದ ಹೊದಿಕೆಯೊಳಗೆ ಬಲವಾದ ಅಯಸ್ಕಾಂತಗಳಿವೆ. ಮರಳಿನ ಕಪ್ಪು ಕಣಗಳಲ್ಲಿ ಅಯಸ್ಕಾಂತಕ್ಕೆ ಅಂಟುವಂಥವು ಒಳಹೊಕ್ಕರೆ ಅಲ್ಲೇ ಕೂತುಬಿಡುತ್ತವೆ. ಹಲಗೆಯ ಸುತ್ತ ಒಂದು ಮೀಟರ್ ಅಗಲಕ್ಕೆ ಒಂದು ಬಿಂದಿಗೆ ನೀರು ಚಿಮುಕಿಸುವುದು ಸುಲಭದ ಪರಿಹಾರ. ಮೋಟರ್ ಚಾಲೂ ಮಾಡಿ ನೆಲದಲ್ಲೇ ತಿರುಗಿಸುತ್ತ ನಿಲ್ಲುವ ಅಭ್ಯಾಸ ಬಿಡಿ. 450 ಫ್ರೇಮಿನ ಹತ್ತು ಇಂಚಿನ ರೆಕ್ಕೆಗಳ ಗಾಳಿಗೆ ಈ ಹಲಗೆ ಚಿಕ್ಕದು. ಅದಕ್ಕೆ ಟಾರ್ಪಾಲ್ ಹಾಸಿ, ಮೂಲೆಗೆ ಆರಿಂಚಿನ ಮೊಳೆ ಹೊಡೆದು, ನಾಲ್ಕೂ ಅಂಚಿನ ಉದ್ದಕ್ಕೂ ಮಣ್ಣು ಎಳೆಯುತ್ತೇನೆ. ಮೂಲೆಗೆ ಮಾತ್ರ ಮೊಳೆ ಹೊಡೆದರೆ ನಡುವಿನ ಅಂಚು ಎದ್ದು ಬಡಿಯುತ್ತದೆ.

ಜಾಗ ಆರಿಸುವಾಗ ಡ್ರೋನಿನೊಳಗೆ ದಿಕ್ಕು ತಿಳಿಸುವ ಕಂಪಾಸ್ ಇದೆಯೆಂಬುದನ್ನು ಮರೆಯಬೇಡಿ. ಸಮತಟ್ಟು ಎಂದು ಕಾಲುವೆಯ ಕಾಂಕ್ರೀಟ್ ಚಪ್ಪಡಿ, ತಾರಸಿ, ಕಾರಿನ ಬಾನೆಟ್ ಮೇಲಿಂದ ಹಾರಿಸುವವರಿದ್ದಾರೆ. ಒಳಗಿನ ಕಬ್ಬಿಣ ದಿಕ್ಕು ತಪ್ಪಿಸುತ್ತದೆ. ಮೇಲೇರಿದ ಮೇಲೆ ಡ್ರೋನ್ ಒಂದೆಡೆ ನಿಲ್ಲದೆ ಸುತ್ತು ಹಾಕತೊಡಗುತ್ತದೆ. ಬೋರ್‌ವೆಲ್ಲಿನ ಕಬ್ಬಿಣದ ಕೇಸಿಂಗ್, ಪಂಪ್‌ಸೆಟ್ ಪೆಟ್ಟಿಗೆಯಿಂದಲೂ ಕೆಲವು ಮೀಟರ್ ದೂರ ಇರಿ. ಮುರಕಲ್ಲಿನಲ್ಲಿ ಕಬ್ಬಿಣವಿದೆಯಲ್ಲ ಎಂದು ಕೇಳುವವರಿಗೆ: ಅದು ಬಹುಪಾಲು ತುಕ್ಕಿನ ರೂಪದ್ದು, ಅಯಸ್ಕಾಂತದ ಗುಣ ಕಡಿಮೆ. ಕುದುರೆಮುಖ, ಬಾಬಾಬುಡನ್‌ಗಿರಿ ಸೀಮೆಯ ಮ್ಯಾಗ್ನೆಟೈಟ್ ಕಲ್ಲು ಹಾಗಲ್ಲ, ಅದು ಸೂಜಿಯನ್ನು ಎಳೆಯುತ್ತದೆ.

ಬರಡು ಕಲ್ಲುನೆಲದಲ್ಲಿ ಹಲಗೆ ಇಡುವ ಮುನ್ನ ಸುತ್ತ ಹತ್ತು ಹೆಜ್ಜೆ ಬಗ್ಗಿ ನೋಡಿ. ಟಿಟ್ಟಿಭ ಬೇಸಿಗೆಯಲ್ಲಿ ಬರಿ ನೆಲದ ಮೇಲೇ ಮೊಟ್ಟೆ ಇಡುತ್ತದೆ, ಮೊಟ್ಟೆ ಕಲ್ಲಿನ ಬಣ್ಣಕ್ಕೇ ಬೆರೆತಿರುತ್ತದೆ. ಹಕ್ಕಿ ನಿಮ್ಮ ತಲೆಯ ಮೇಲೆ ಕೂಗುತ್ತ ಸುತ್ತುತ್ತಿದ್ದರೆ ಜಾಗ ಬಿಟ್ಟು ದೂರ ಹೋಗಿ. ಹದ್ದು ಸುತ್ತುತ್ತಿದ್ದರೂ ಹಾರಿಸುವುದಿಲ್ಲ.

ಏರಿಸುವ ಹೊತ್ತು ಬೆಳಗ್ಗೆ, ಬಿಸಿಲೇರುವ ಮುಂಚೆ. ಗಾಳಿ ನನ್ನ ಬೆನ್ನಿಗೆ, ಡ್ರೋನಿನ ಬಾಲ ನನ್ನ ಕಡೆ, ನಡುವೆ ನಾಲ್ಕೈದು ಮೀಟರ್. ಹೀಗಿದ್ದರೆ ಡ್ರೋನ್ ತೇಲಿದರೂ, ಧೂಳೆದ್ದರೂ ನನ್ನಿಂದ ದೂರಕ್ಕೇ ಹೋಗುತ್ತದೆ. ಗಿಂಬಲ್ ಮುಚ್ಚಳ ತೆಗೆದು, ರೆಕ್ಕೆಗಳ ಅಂಚನ್ನು ಉಗುರಿನಿಂದ ಸವರಿ, ಹಲಗೆಯ ಮೇಲಿಟ್ಟು ಆನ್ ಮಾಡಿ ಕೈ ತೆಗೆಯುತ್ತೇನೆ. ಸೆನ್ಸರುಗಳು ಅಣಿಯಾಗುವಾಗ ಅಲುಗಿಸಬಾರದು. ಉಪಗ್ರಹಗಳ ಎಣಿಕೆ 10 ದಾಟಿ ಹೋಮ್ ಪಾಯಿಂಟ್, ಅಂದರೆ ಡ್ರೋನ್ ತಾನೇ ಮರಳಿ ಬರಬೇಕಾದ ಜಾಗ, ದಾಖಲಾಗುವವರೆಗೂ ಕಾಯುತ್ತೇನೆ. ತೆಂಗಿನ ತೋಟದ ಬಳಿಯಾದರೆ ಮರಳಿ ಬರುವ ಎತ್ತರವನ್ನು 50 ಮೀಟರಿಗೆ ಇಡುತ್ತೇನೆ. ಈ ಎತ್ತರದ ಲೆಕ್ಕ ಏರಿದ ಜಾಗದಿಂದ. ಕಣಿವೆಯಲ್ಲಿ ನಿಂತು ಹಾರಿಸಿದರೆ ಎದುರಿನ ಗುಡ್ಡದ ಎತ್ತರವನ್ನೂ ಕೂಡಿಸಬೇಕು.

ಮೋಟರ್ ತಿರುಗಿದ ಕೂಡಲೇ ಹಿಂಜರಿಯದೆ ಒಂದೂವರೆ ಮೀಟರ್ ಎತ್ತುತ್ತೇನೆ. ನೆಲಕ್ಕೆ ಹತ್ತಿರವಿದ್ದಾಗ ರೆಕ್ಕೆಯ ಗಾಳಿ ನೆಲಕ್ಕೆ ಬಡಿದು ವಾಪಸ್ ಬರುತ್ತದೆ. ಒಂದು ಬದಿಗೆ ಬದುವೋ ಬಂಡೆಯೋ ಇದ್ದರೆ ಆ ಒತ್ತಡ ಎರಡೂ ಬದಿಗೆ ಸಮ ಇರದೆ ಡ್ರೋನ್ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಒಂದೂವರೆ ಮೀಟರಿನಲ್ಲಿ 20 ಸೆಕೆಂಡ್ ನಿಲ್ಲಿಸಿ, ರಿಮೋಟಿನ ಸ್ಟಿಕ್‌ಗಳನ್ನು ನಾಲ್ಕೂ ಕಡೆಗೆ ಸ್ವಲ್ಪ ಸ್ವಲ್ಪ ಆಡಿಸಿ ನೋಡುತ್ತೇನೆ. ಆಮೇಲೆ ನೇರಕ್ಕೆ ಹತ್ತು ಮೀಟರ್. ಏರಿದ ಜಾಗದ ಚಿತ್ರ ನೆನಪಿಟ್ಟುಕೊಂಡು ಅದಕ್ಕೇ ಮರಳುವ ಮಾದರಿಗಳಿಗೆ ಈ ನೇರ ಏರಿಕೆ ಅಗತ್ಯ.

ಇಳಿಸಲು ಶುರು ಮಾಡುವುದು ಬ್ಯಾಟರಿ 30 ಶೇಕಡಕ್ಕೆ ಬಂದಾಗ. ಎರಡು ಮೂರು ಸಲ ಪ್ರಯತ್ನಿಸುವಷ್ಟು ಉಳಿದಿರಬೇಕು. ಮರಳಿ ಬರುವ ಗುಂಡಿಯನ್ನು ಹಲಗೆಯ ಆಸುಪಾಸಿಗೆ ಬರಲಷ್ಟೇ ನಂಬುತ್ತೇನೆ. ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುತ್ತದೆ, ನನ್ನ ಹಲಗೆ ಇರುವುದೇ ಎರಡಡಿ. ಹತ್ತು ಮೀಟರಿನಲ್ಲಿ ಆ ತಾನೇ ಮರಳುವುದನ್ನು ರದ್ದು ಮಾಡಿ, ಕ್ಯಾಮೆರಾವನ್ನು ಪೂರ್ತಿ ಕೆಳಗೆ ತಿರುಗಿಸಿ, ಗುಣಾಕಾರ ಚಿಹ್ನೆಯನ್ನು ಪರದೆಯ ನಡುವೆ ತರುತ್ತೇನೆ. ರಭಸದಿಂದ ನೇರ ಇಳಿಸಿದರೆ ಡ್ರೋನ್ ತಾನೇ ಕೆಳಕ್ಕೆ ತಳ್ಳಿದ ಗಾಳಿಯೊಳಗೆ ಬಿದ್ದು ನಡುಗುತ್ತದೆ. ಹಾಗಾದರೆ ಸ್ವಲ್ಪ ಮುಂದಕ್ಕೆ ಸರಿಸಿ ಆ ಗಾಳಿಯಿಂದ ಹೊರತರಬೇಕು. ಮೂರು ಮೀಟರಿನಲ್ಲಿ ಒಮ್ಮೆ ನಿಲುಗಡೆ. ಅಲ್ಲಿಂದ ಕಣ್ಣು ಪರದೆ ಬಿಟ್ಟು ಡ್ರೋನಿನ ಮೇಲೆ. ಬಾಲ ನನ್ನ ಕಡೆ ಇರುವುದರಿಂದ ಅದರ ಎಡವೇ ನನ್ನ ಎಡ. ಕೊನೆಯ ಮೀಟರನ್ನು ಎರಡು ಮೂರು ಸೆಕೆಂಡಿನಲ್ಲಿ ಇಳಿಸುತ್ತೇನೆ, ಆಗ ಪಕ್ಕಕ್ಕೆ ಸರಿಸುವುದಿಲ್ಲ. ಸರಿಸಬೇಕೆನಿಸಿದರೆ ಮತ್ತೆ ಮೂರು ಮೀಟರಿಗೆ. ಕಾಲು ತಾಗಿದ ಮೇಲೆ ಏರಿಳಿಸುವ ಎಡ ಸ್ಟಿಕ್ಕನ್ನು ಪೂರ್ತಿ ಕೆಳಗೆ ಹಿಡಿದು ಮೋಟರ್ ನಿಲ್ಲುವವರೆಗೂ ಬಿಡಬಾರದು. ನಡುವೆ ಬಿಟ್ಟರೆ ಮತ್ತೆ ಜಿಗಿಯುತ್ತದೆ.

ಆರ್ಡುಪೈಲಟ್ ಎಂಬ ಹಾರಾಟ ನಿಯಂತ್ರಿಸುವ ತಂತ್ರಾಂಶ ಹಾಕಿದ 450 ಫ್ರೇಮಿನದಕ್ಕೆ ತಾನೇ ಇಳಿಯುವ ಕೊನೆಯ ಹಂತದ ವೇಗ ಮೂಲದಲ್ಲಿ ಸೆಕೆಂಡಿಗೆ 50 ಸೆಂ.ಮೀ. ಇರುತ್ತದೆ. ನಾನು ಅದನ್ನು 30ಕ್ಕೆ ಇಳಿಸಿದ್ದೇನೆ. ಒಂದು ಕಾಲು ತಗ್ಗಿನಲ್ಲಿ ತೂಗಿದರೆ ತಾನು ಇಳಿದದ್ದು ಅದಕ್ಕೆ ಬೇಗ ತಿಳಿಯುವುದಿಲ್ಲ, ಮೋಟರ್ ನಿಲ್ಲಿಸುವ ಸ್ವಿಚ್ ಮೇಲೆ ಬೆರಳು ಸಿದ್ಧವಿರಲಿ.

ಕೈಯಲ್ಲಿ ಹಿಡಿಯುವುದು ಕೊನೆಯ ಉಪಾಯ. ಹಲಗೆಯೇ ಕೂರದ ಬಂಡೆಯ ಮೇಲೆ ಮಾತ್ರ, 249 ಗ್ರಾಂನದಕ್ಕೆ ಮಾತ್ರ. ದಪ್ಪ ಕೈಗವಸು, ಕನ್ನಡಕ ಹಾಕಿದ ಇನ್ನೊಬ್ಬರು ಕೈಯನ್ನು ತಲೆಗಿಂತ ಮೇಲೆ, ಮುಂದಕ್ಕೆ ಚಾಚಿ ಹಿಡಿಯಬೇಕು. ನಾನು ರಿಮೋಟ್ ಬಿಡುವುದಿಲ್ಲ. ಕೈ ಅಡಿಗೆ ಬಂದಾಗ ನೆಲ ಬಂತೆಂದು ಡ್ರೋನ್ ಮೇಲೇರಲು ನೋಡುತ್ತದೆ. ಆಗ ಹಾರಿ ಹಿಡಿಯಬಾರದು, ಕೈ ತೆಗೆದು ಮತ್ತೆ ಶುರು ಮಾಡಬೇಕು. 450 ಫ್ರೇಮಿಗೆ ಕೈ ಒಡ್ಡುವ ಮಾತೇ ಇಲ್ಲ.

ಇಳಿದ ಮೇಲೆ ಬ್ಯಾಟರಿ ತೆಗೆದು ಪ್ರತಿ ಮೋಟರನ್ನು ಬೆರಳಿನಿಂದ ನಿಧಾನ ತಿರುಗಿಸುತ್ತೇನೆ. ಕರಕರ ಸದ್ದು ಬಂದರೆ ಕಣ ಹೊಕ್ಕಿದೆ. ಗಾಳಿ ಊದುವ ರಬ್ಬರ್ ಬುರುಡೆಯಿಂದ ಊದಿ, ಮೆತ್ತನೆ ಬ್ರಷ್ಷಿನಿಂದ ಒರೆಸಿ ಮತ್ತೆ ತಿರುಗಿಸುತ್ತೇನೆ. ಎಣ್ಣೆ ಬಿಡುವುದಿಲ್ಲ, ಬಿಟ್ಟರೆ ಧೂಳು ಅಂಟುತ್ತದೆ. ಅಂಚು ಕಚ್ಚು ಬಿದ್ದ ರೆಕ್ಕೆಯನ್ನು ಮರಳುಕಾಗದದಲ್ಲಿ ಉಜ್ಜಿ ಬಳಸದೆ ಆ ಮೋಟರಿನ ಎರಡೂ ಎಲೆಗಳನ್ನು ಒಟ್ಟಿಗೆ ಬದಲಿಸುತ್ತೇನೆ. ಸದ್ದು ಹೋಗದ ಮೋಟರಿನ ಡ್ರೋನ್ ಆ ದಿನ ಮತ್ತೆ ಏರುವುದಿಲ್ಲ.